ಬಾಣದ ಬೆನ್ನಿಗೆ ಕಟ್ಟಿದ ದಾರ

ಬನದ ಹುಣ್ಣಿಮೆಯ ಜಾತ್ರೆ ಮುಗಿದು ಎರಡು ದಿನ ಆಗಿತ್ತು. ಎಲ್ಲಮ್ಮನ ಗುಡ್ಡದಿಂದ ಇಳಿದು ನಮ್ಮೂರು ದೊಡವಾಡದ ದಾರಿ ಹಿಡಿಯುವ ಮೊದಲು ಸವದತ್ತಿ ಕಡೆಯ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೆವು. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಅಣ್ಣನ ಮಗ ಗಾಡಿಯ ಡಿಕ್ಕಿಯಿಂದ ಉದ್ದನೆಯ ಚೀಲವೊಂದನ್ನು ತಂದು ಬಿಚ್ಚಿದ. ಒಳಗಿದ್ದದ್ದು ಬಿಲ್ಲು. ಹಿಡಿಕೆಯ ಮುಂದೆ ಗಾಳದ ಕೋಲಿಗೆ ಇರುವಂಥ ರೀಲು, ಗರಿಯಿಲ್ಲದ ಬಿಳಿ ಫೈಬರ್ ಬಾಣ, ಮೊನೆಗೆ ಹಿಂದಕ್ಕೆ ಬಾಗಿದ ಎರಡು ಮುಳ್ಳು, ಬಾಲಕ್ಕೆ ದಾರ. ಅಮೆರಿಕದ ಹುಡುಗರು ರಾತ್ರಿ ದೋಣಿಯ ಮೇಲೆ ದೀಪ ಹಚ್ಚಿಕೊಂಡು ಮೀನಿಗೆ ಬಾಣ ಬಿಡುವುದನ್ನು ಮೊಬೈಲಿನಲ್ಲಿ ತಿಂಗಳುಗಟ್ಟಲೆ ನೋಡಿದ್ದನಂತೆ. ಒಂದೊಂದೇ ಸಾಮಾನು ತರಿಸಿ, ತಾನೇ ಜೋಡಿಸಿದ್ದ.

ಹತ್ತು ಮಾರು ಆಚೆ ಹರಿಗೋಲನ್ನು ಓರೆಯಾಗಿ ನಿಲ್ಲಿಸಿ ಅದರ ನೆರಳಿನಲ್ಲಿ ಒಬ್ಬ ಅಜ್ಜ ಬಲೆ ರಿಪೇರಿ ಮಾಡುತ್ತ ಕೂತಿದ್ದರು. ಬಿಲ್ಲು ಕಂಡು ಎದ್ದು ಬಂದರು. ಕೈಗೆ ತಗೊಂಡವರು ಹೊಳೆಯುವ ಮೊನೆಯನ್ನು ಮುಟ್ಟಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ದಾರ ಹಿಡಿದು ರೀಲಿನಿಂದ ಬಾಣದ ಬಾಲದ ತನಕ ಮೆಲ್ಲಗೆ ಸವರಿಕೊಂಡು ಹೋದರು.

‘ಮೊನಿ ಆಮ್ಯಾಲ ನೋಡೂಣು ತಮ್ಮಾ. ಈ ದಾರ ಎಲ್ಲೆಲ್ಲಿ ಹೊಂಟೈತಿ, ಅದನ್ನ ಮೊದಲ ಹೇಳು.’

‘ರೀಲಿನಿಂದ ಬಾಣದ ಹಿಂದಕ್ಕ ಹೋಗೇತ್ರಿ, ಅಜ್ಜಾರ.’

‘ಹಿಂದಕ್ಕ ಅಂದ್ರ ಬಿಲ್ಲಿನ ಹೆದೆ ಹಂತೇಕ. ನಿನ್ನ ಗಲ್ಲದ ಹಂತೇಕ. ಬಾಣ ಬಿಟ್ಟಾಗ ಇದು ಹೆದೆಗೆ ತೊಡರಿಕೊಂಡ್ರ ಬಾಣ ಎಲ್ಲಿಗೆ ಹೋಕ್ಕೈತಿ?’

ಹುಡುಗ ಉತ್ತರ ಕೊಡಲಿಲ್ಲ.

‘ಹೊಳ್ಳಿ ನಿನ್ನ ಕಡೆನ ಬರತೈತಿ.’

ಆ ಅಜ್ಜ ಅದುವರೆಗೆ ಬಿಲ್ಲು ಹಿಡಿದವರಲ್ಲ. ಆದರೆ ಒಂದು ಜೀವಮಾನ ದಾರದ ಜೊತೆ ಬಾಳಿದವರು. ಬಿಲ್ಲುಮೀನುಗಾರಿಕೆಯ ಅತಿ ದೊಡ್ಡ ಅಪಾಯ ಯಾವುದೋ, ಅದನ್ನೇ ಅವರ ಬೆರಳು ಹುಡುಕಿ ಹಿಡಿದಿತ್ತು. ಊರಿಗೆ ಬಂದ ಮೇಲೆ ಆ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಅಜ್ಜನ ಮಾತು ಗಟ್ಟಿಯಾಯಿತು.

ಗುರಿ ಹೊಡೆಯುವ ಸ್ಪರ್ಧೆಯ ಬಾಣ ಬಿಟ್ಟರೆ ಹೋಯಿತು, ಅದಕ್ಕೂ ಬಿಟ್ಟವನಿಗೂ ನಂಟು ಕಡಿಯಿತು. ಮೀನಿನ ಬಾಣಕ್ಕೆ ಹಾಗಿಲ್ಲ. ಬಿಟ್ಟ ಮೇಲೂ ಅದು ದಾರದಿಂದ ಬಿಲ್ಲಿಗೆ ಕಟ್ಟಿಕೊಂಡೇ ಇರುತ್ತದೆ. ತೂಕವೂ ಹೆಚ್ಚು: ಸ್ಪರ್ಧೆಯ ಬಾಣ 25 ಗ್ರಾಂ ಆಸುಪಾಸು ಇದ್ದರೆ, ನೀರು ಸೀಳಬೇಕಾದ ಈ ಫೈಬರ್ ಬಾಣ ಅದರ ಮೂರು ಪಟ್ಟಿಗೂ ಮಿಕ್ಕಿ ತೂಗುತ್ತದೆ. 40 ಪೌಂಡಿನ ಬಿಲ್ಲು ಎಂದರೆ ಪೂರ್ತಿ ಎಳೆದಾಗ ಬೆರಳ ಮೇಲೆ 18 ಕಿಲೋ ಭಾರ. ಆ ಭಾರದಿಂದ ಸಿಡಿದ ಬಾಣವನ್ನು ದಾರ ಅರ್ಧ ದಾರಿಯಲ್ಲಿ ತಡೆದರೆ ಆ ವೇಗ ಎಲ್ಲಿಗೆ ಹೋಗಬೇಕು? ದಾರ ನೈಲಾನಿನದಾಗಿದ್ದರಂತೂ ಹತ್ತು ಅಡಿಗೆ ಎರಡು ಅಡಿಯಷ್ಟು ಹಿಗ್ಗಿ, ರಬ್ಬರಿನ ಹಾಗೆ ಬಾಣವನ್ನು ಬಂದ ದಾರಿಗೇ ಎಸೆಯುತ್ತದೆ. ಎದುರಿಗಿರುವುದು ಗುರಿ ಹಿಡಿದವನ ಮುಖ. ಹಾಗೆ ತಿರುಗಿ ಬಂದ ಬಾಣದಿಂದ ಕಣ್ಣು ಕಳೆದುಕೊಂಡವರೂ ಇದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ.

ಇದಕ್ಕೆ ಅಮೆರಿಕದವರು ಕಂಡುಕೊಂಡ ಉಪಾಯ ಬಹಳ ಸರಳ. ದಾರವನ್ನು ಬಾಣದ ಬಾಲಕ್ಕೆ ಕಟ್ಟದೆ, ಬಾಣದ ಮೈಮೇಲೆ ಹಿಂದೆ ಮುಂದೆ ಜಾರುವ ಒಂದು ಪುಟ್ಟ ಉಂಗುರಕ್ಕೆ ಕಟ್ಟುತ್ತಾರೆ. ಹೆದೆ ಎಳೆದು ನಿಂತಾಗ ಉಂಗುರ ಬಿಲ್ಲಿನ ಮುಂದೆಯೇ ಇರುತ್ತದೆ. ಹೆದೆಯ ಕಡೆಗೆ, ಕೈಯ ಕಡೆಗೆ, ಮುಖದ ಕಡೆಗೆ ದಾರ ಬರುವುದೇ ಇಲ್ಲ. ಬಾಣ ಹೊರಟ ಮೇಲೆ ಉಂಗುರ ಹಿಂದಕ್ಕೆ ಜಾರಿ ಬಾಲದ ತಡೆಗೆ ಬಡಿದು ನಿಲ್ಲುತ್ತದೆ. ನಮ್ಮ ಹುಡುಗ ತರಿಸಿದ್ದ ಪೊಟ್ಟಣದಲ್ಲಿ ಆ ಉಂಗುರವೂ ಇತ್ತು. ಯಾವುದಕ್ಕೆ ಎಂದು ತಿಳಿಯದೆ ಬದಿಗಿಟ್ಟಿದ್ದನಂತೆ. ಬಿಡಿ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಅದನ್ನು ಜೋಡಿಸುವ ಬುದ್ಧಿ ಹೇಳಲು ಪಕ್ಕದಲ್ಲಿ ಒಬ್ಬರು ಇರುವುದಿಲ್ಲ. ನನಗೆ ಭಯ ಹುಟ್ಟಿಸಿದ್ದು ಇದೇ.

ರೀಲಿನಲ್ಲೂ ಮರೆವಿಗೆ ಜಾಗವಿದೆ. ಕೆಲವು ರೀಲುಗಳಲ್ಲಿ ಪ್ರತಿ ಸಲ ಗುಂಡಿ ಒತ್ತಿ ದಾರ ಸಡಿಲ ಬಿಟ್ಟೇ ಬಾಣ ಹೂಡಬೇಕು. ಮೀನು ಕಂಡ ಉಮೇದಿನಲ್ಲಿ ಒತ್ತುವುದು ಮರೆತರೆ ದಾರ ಬಿಚ್ಚಿಕೊಳ್ಳುವುದಿಲ್ಲ. ಒಂದೋ ಹರಿಯುತ್ತದೆ, ಇಲ್ಲವೇ ಬಾಣವನ್ನು ವಾಪಸ್ ಕಳಿಸುತ್ತದೆ. ಫೈಬರ್ ಬಾಣ ಕಲ್ಲಿಗೆ ಬಡಿದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಮುಂದಿನ ಹೊಡೆತಕ್ಕೆ ಸೀಳಿ ಅಂಗೈಗೆ ಚುಚ್ಚೀತು. ಅದಕ್ಕೇ ಪಳಗಿದವರು ಪ್ರತಿ ಹೊಡೆತದ ಮುಂಚೆ ಬಾಣವನ್ನು ಮುಖದಿಂದ ದೂರ ಹಿಡಿದು ಬಾಗಿಸಿ ನೋಡುತ್ತಾರೆ, ತಿರುಪಿನ ಮೊನೆ ಸಡಿಲಾಗಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡುವುದಂತೂ ಕೂಡದು. ಬಾಣ ಹೊತ್ತೊಯ್ಯಬೇಕಿದ್ದ ಬಲವೆಲ್ಲ ಬಿಲ್ಲಿನ ಮೈಗೇ ಬಡಿದು ಬಿಲ್ಲೇ ಒಡೆಯಬಹುದು.

ದಾರ ಸರಿಯಿದ್ದರೂ ನೀರು ಮೋಸ ಮಾಡುತ್ತದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ನಾಲ್ಕು ಅಡಿ ಆಳದಲ್ಲಿರುವ ಮೀನು ಮೂರೇ ಅಡಿಯಲ್ಲಿ ಇದ್ದಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲಕ್ಕೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಹೀಗಾಗುತ್ತದೆ. ಮೀನಿಗೆ ತಗುಲಬೇಕಾದರೆ ಕಂಡ ಜಾಗಕ್ಕಿಂತ ಕೆಳಗೆ ಗುರಿ ಇಡಬೇಕು. ನಮ್ಮೂರ ಕಡೆ ಪ್ರವಚನದಲ್ಲಿ ಮತ್ಸ್ಯಯಂತ್ರದ ಕತೆ ಬಂದಾಗಲೆಲ್ಲ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಅರ್ಜುನ ಕೆಳಗೆ ನೀರಿನಲ್ಲಿ ಪ್ರತಿಬಿಂಬ ನೋಡುತ್ತ ಮೇಲಿನ ಮೀನಿಗೆ ಹೊಡೆದ. ಅವನ ಮೀನು ಗಾಳಿಯಲ್ಲಿತ್ತು, ನೀರು ಅವನಿಗೆ ಕನ್ನಡಿಯಾಗಿತ್ತು. ಕನ್ನಡಿ ಆಳವನ್ನು ಕಡಿಮೆ ಮಾಡಿ ತೋರಿಸುವುದಿಲ್ಲ. ನೀರೊಳಗಿನ ಮೀನಿಗೆ ಗುರಿಯಿಡುವವನ ಕಷ್ಟವೇ ಬೇರೆ. ಅಂಡಮಾನಿನ ಜಾರವಾ ಜನರು ತಿಳಿನೀರಿನ ತೀರದಲ್ಲಿ ನಿಂತು ಬಾಣದಿಂದ ಮೀನು ಹಿಡಿಯುತ್ತಾರೆ. ಅವರಿಗೆ ಈ ಲೆಕ್ಕ ಕೂಸಿದ್ದಾಗಿನಿಂದ ಕಣ್ಣಿಗೆ ಇಳಿದಿರುತ್ತದೆ.

ಮಲಪ್ರಭೆ ಅಂಥ ತಿಳಿನೀರಲ್ಲ, ನಿರ್ಜನ ತೀರವೂ ಅಲ್ಲ. ತೀರಾ ಓರೆಯಾಗಿ ಬಿಟ್ಟ ಬಾಣ ನೀರಿನ ಮೈಗೆ ಬಡಿದು, ಮಕ್ಕಳು ಚಪ್ಪಟೆ ಕಲ್ಲು ಎಸೆದಾಗ ಆಗುವಂತೆ, ಪುಟಿದು ಮುಂದೆ ಹಾರುತ್ತದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳಿರುತ್ತಾರೆ, ಎಮ್ಮೆ ಮೈ ತೊಳೆಯುವ ಹುಡುಗರಿರುತ್ತಾರೆ. ಇನ್ನೊಂದು ಮಾತು. ಅಮೆರಿಕದಲ್ಲಿ ಬಾಣಕ್ಕೆ ಬಲಿಯಾಗುವ ಮೀನುಗಳಲ್ಲಿ ಸಾಮಾನ್ಯ ಗೆಂಡೆಯೂ ಒಂದು. ಹೊರಗಿನಿಂದ ತಂದು ಬಿಟ್ಟ ಆ ಮೀನು ಅಲ್ಲಿನ ಕೆರೆ ನದಿಗಳಿಗೆ ಕಂಟಕ. ಅದೇ ಗೆಂಡೆಯ ಮರಿಯನ್ನು ಇಲ್ಲಿ ನಾವು ಕೆರೆಗೆ ಬಿಟ್ಟು ಸಾಕುತ್ತೇವೆ. ಅವರ ಆಟವನ್ನು ಹಾಗೆಯೇ ತಂದು ನಮ್ಮ ನೀರಿಗೆ ಇಳಿಸಲಾಗದು. ಜಲಾಶಯದ ಮೀನಿಗೆ ಇಲಾಖೆಯ ಪರವಾನಗಿ ಬೇಕು, ಕೆರೆಯ ಮೀನು ಗುತ್ತಿಗೆ ಹಿಡಿದವರ ಅನ್ನ. ಹುಡುಗನಿಗೆ ಇದನ್ನೂ ಹೇಳಿದೆ.

ಆದರೆ ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಉಳಿದದ್ದು ಬಿಲ್ಲಿಗಿಂತ ಹೆಚ್ಚಾಗಿ ಅಜ್ಜನ ಬೀಸುಬಲೆ.

‘ಬರ್ರಿ ಸರ, ನಮ್ಮ ದಾರಾನೂ ನೋಡ್ರಿ’ ಎಂದು ಕರೆದೊಯ್ದರು. ಬಲೆ ಎತ್ತಿಕೊಳ್ಳುವ ಮೊದಲು ಅಂಗಿ ಬಿಚ್ಚಿ ಹರಿಗೋಲಿನ ಮೇಲೆ ಹಾಕಿದರು. ಒಳಗೆ ಗುಂಡಿಯಿಲ್ಲದ ಬನಿಯನ್. ಬೆರಳಿನ ತಾಮ್ರದ ಉಂಗುರ ತೆಗೆದು ಅಂಗಿಯ ಕಿಸೆಗೆ ಹಾಕಿದರು. ಧೋತರದ ಚುಂಗು ಬಿಗಿಯಾಗಿ ಒಳಗೆ ಸಿಕ್ಕಿಸಿದರು. ಬೀಸಿದ ಬಲೆ ಬಿಚ್ಚಿಕೊಂಡು ಹಾರುವಾಗ ಒಂದೇ ಒಂದು ಕಣ್ಣು ಅಂಗಿಯ ಗುಂಡಿಗೋ ಉಂಗುರಕ್ಕೋ ಗಡಿಯಾರದ ಪಟ್ಟಿಗೋ ಸಿಕ್ಕಿದರೆ ಸಾಕು, ಅಂಚಿನ ಸೀಸದ ಗುಂಡುಗಳೆಲ್ಲ ಒಮ್ಮೆಗೇ ಜಗ್ಗಿ ಮನುಷ್ಯನನ್ನೇ ನೀರಿಗೆ ಎಳೆಯುತ್ತವೆ. ಕೆಳಗೆ ಬಿದ್ದ ಮೇಲೆ ಅದೇ ಬಲೆ ಮೈಗೆ ಹೊದಿಕೆಯಾಗುತ್ತದೆ. ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೀಸುವ ಪದ್ಧತಿ ಹಲವು ಕಡೆ ಇದೆ. ಅಜ್ಜನೂ ಕಚ್ಚುತ್ತಿದ್ದರು, ಎದುರಿನ ಎರಡು ಹಲ್ಲು ಇರಲಿಲ್ಲ. ಈಗ ಮೊಣಕೈ ಮೇಲೆ ಹೊದ್ದುಕೊಂಡು ಬೀಸುತ್ತಾರೆ.

ಕೈಹಗ್ಗ ತೋರಿಸಿದರು. ಬಲೆಯ ನೆತ್ತಿಯಿಂದ ಬರುವ ಹಗ್ಗ, ತುದಿಯಲ್ಲಿ ಒಂದು ಕುಣಿಕೆ. ಆ ಕುಣಿಕೆಯನ್ನು ಎಡಗೈ ಮಣಿಕಟ್ಟಿಗೆ ಹಾಕಿಕೊಂಡು, ಕೈ ಕೆಳಗೆ ಮಾಡಿ ಬೆರಳು ಒಟ್ಟುಗೂಡಿಸಿದರು. ಕುಣಿಕೆ ತಾನಾಗಿ ಜಾರಿ ಬಿತ್ತು. ‘ಇಷ್ಟ ಸಡ್ಲ ಇರಬೇಕ್ರಿ. ಜಗ್ಗಿದ್ರ ಬಿಗೀ ಆಗೂ ಗಂಟ ಕೈಯಾಗ ಹಾಕಬಾರದು. ಬಲಿ ಹೋದ್ರ ಹೋಗ್ಲಿ, ಇನ್ನೊಂದ ಹೆಣಕೋಬಹುದು.’ ಹರಿಗೋಲಿನ ಒಳಬದಿಯ ಬಿದಿರಿಗೆ ಮುರಿದ ಕುಡಗೋಲಿನ ತುಂಡೊಂದನ್ನು ಸಿಕ್ಕಿಸಿದ್ದರು, ಕೂತಲ್ಲಿಂದ ಕೈಗೆ ಎಟುಕುವ ಹಾಗೆ. ಕಾಲಿಗೆ ಬಲೆ ಸುತ್ತಿಕೊಂಡರೆ ಬಿಡಿಸುವ ವ್ಯವಧಾನ ಇರುವುದಿಲ್ಲ, ಕೊಯ್ಯಲೇಬೇಕು.

ಕೊಯ್ಯಬೇಕಾದ ಕಾಲ ಬಂದದ್ದು ನೈಲಾನಿನಿಂದ. ಅದಕ್ಕೆ ಮೊದಲು ಬಲೆ ಎಂದರೆ ಹತ್ತಿಯ ನೂಲು, ಸೆಣಬು. ಬೈಲಹೊಂಗಲದ ಪೇಟೆ ಹತ್ತಿಯಿಂದಲೇ ಬೆಳೆದದ್ದು, ದೊಡವಾಡದ ಎರಿ ಹೊಲಗಳಲ್ಲಿ ಇಂದಿಗೂ ಹತ್ತಿ ಬಿಡಿಸುತ್ತಾರೆ. ಹತ್ತಿಯ ಬಲೆ ನೀರುಂಡು ಭಾರವಾಗುತ್ತಿತ್ತು, ಬೇಗ ಕೊಳೆಯುತ್ತಿತ್ತು. ಮರದ ತೊಗಟೆಯ ಒಗರಿನಲ್ಲಿ ಮತ್ತೆ ಮತ್ತೆ ಅದ್ದಿ, ಬಿಸಿಲಿಗೆ ಹಾಕಿ ಉಳಿಸಿಕೊಳ್ಳಬೇಕಿತ್ತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಶುರುವಾಯಿತು. ಆ ಸುಮಾರಿನಿಂದ ನೈಲಾನ್ ಬಲೆ ದೇಶದ ನೀರಿಗೆಲ್ಲ ಹರಡಿತು. ಹಗುರ, ಕೊಳೆಯದು, ನೀರಿನಲ್ಲಿ ಮೀನಿನ ಕಣ್ಣಿಗೆ ಕಾಣದು. ಮೀನುಗಾರರ ಬದುಕು ಅದರಿಂದ ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒದ್ದಾಡಿದರೆ ಹರಿಯುತ್ತಿದ್ದ ಹಳೆಯ ನೂಲಿನ ಗುಣ ಇದಕ್ಕಿಲ್ಲ. ಎಷ್ಟು ಜಗ್ಗಿದರೂ ಮಾಂಸಕ್ಕೆ ಇಳಿಯುತ್ತದೆಯೇ ಹೊರತು ತುಂಡಾಗುವುದಿಲ್ಲ. ಯಾರೋ ಕಿತ್ತು ಬಿಸಾಕಿದ ತುಂಡು ವರ್ಷಗಟ್ಟಲೆ ತಳದಲ್ಲಿದ್ದು, ಈಜಲು ಇಳಿದವರ ಕಾಲು ಹಿಡಿಯುತ್ತದೆ, ನೀರುಕಾಗೆಯ ಕುತ್ತಿಗೆಯನ್ನೂ ಹಿಡಿಯುತ್ತದೆ. ಹಳೆ ಬಲೆಯನ್ನು ಹೊಳೆಗೆ ಎಸೆಯುವವರನ್ನು ಕಂಡರೆ ಅಜ್ಜ ಬೈದೇ ಬಿಡುತ್ತಾರಂತೆ.

ಗಾಳದ ಮುಳ್ಳು ಬೆರಳಿಗೆ ನಾಟಿದರೆ ಅದನ್ನು ತೆಗೆಯುವುದೂ ದಾರವೇ. ಮುಳ್ಳಿನ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಬೇಕು; ಮುಳ್ಳಿನ ಹಿಡಿಯನ್ನು ಇನ್ನೊಂದು ಬೆರಳಿನಿಂದ ಚರ್ಮಕ್ಕೆ ತಾಗುವಂತೆ ಒತ್ತಿ ಹಿಡಿಯಬೇಕು. ಆಗ ಒಳಗಿನ ಹಿಮ್ಮುಳ್ಳು ಮಾಂಸ ಬಿಡುತ್ತದೆ. ದಾರವನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಝಟ್ಟನೆ ಜಗ್ಗಿದರೆ ಬಂದ ದಾರಿಯಲ್ಲೇ ಮುಳ್ಳು ಹೊರಬರುತ್ತದೆ. ವೈದ್ಯರೂ ಬಳಸುವ ವಿಧಾನವಿದು. ಕಣ್ಣಿನ ಬಳಿ, ಕುತ್ತಿಗೆಯಲ್ಲಿ ನಾಟಿದ್ದರೆ ಮಾತ್ರ ಮುಟ್ಟಬಾರದು, ಇದ್ದ ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು. ಮುಳ್ಳು ಬಂತೆಂದು ಧನುರ್ವಾಯುವಿನ ಇಂಜೆಕ್ಷನ್ ಮರೆಯುವಂತಿಲ್ಲ.

ಇಷ್ಟೆಲ್ಲ ದಾರಗಳ ನಡುವೆ ಒಂದು ದಾರವನ್ನು ನಾನು ಕ್ಷಮಿಸಲಾರೆ. ಅದು ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ಎಳೆದು ನೀರಿಗೆ ಬಿಡುವ ವೈರು. ಕರೆಂಟ್ ಹಾಕಿ ಮೀನು ಹಿಡಿಯುವ ಚಾಳಿ ರಾಜ್ಯದ ಹಳ್ಳಕೊಳ್ಳಗಳಲ್ಲೆಲ್ಲ ಇದೆ. ಮನೆಯ ಬೋರ್ಡಿನಲ್ಲಿ ಜೀವ ಕಾಯಲು ಹಾಕುವ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯುತ್ತದೆ. ಅಂದರೆ 60 ವ್ಯಾಟಿನ ಬಲ್ಬ್ ಎಳೆಯುವುದರ ಒಂಬತ್ತರಲ್ಲಿ ಒಂದು ಪಾಲು. ಅದಕ್ಕಿಂತ ಹೆಚ್ಚು ಎದೆಯ ಮೂಲಕ ಹಾದರೆ ಬಡಿತ ತಪ್ಪಬಹುದು ಎಂಬ ಕಾರಣಕ್ಕೇ ಆ ಲೆಕ್ಕ ಇಟ್ಟಿರುವುದು. ದಂಡೆಯ ಪಂಪ್‌ಸೆಟ್ಟಿಗೆ ಅಂಥ ಸ್ವಿಚ್ಚು ಎಲ್ಲಿ? ಒದ್ದೆ ಮೈ ಕರೆಂಟನ್ನು ತಡೆಯುವುದೂ ಇಲ್ಲ. ತೇಲಿದ ಮೀನು ಆಯಲು ನೀರಿಗೆ ಕಾಲಿಟ್ಟವನಿಗೆ ಎರಡನೇ ಹೆಜ್ಜೆ ಸಿಗದೆ ಹೋಗಬಹುದು. ತೋಟೆ ಸಿಡಿಸುವುದೂ ಇದರ ಅಣ್ಣನೇ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ಸಿಡಿಮದ್ದು, ವಿಷ ಎರಡನ್ನೂ ನಿಷೇಧಿಸಿದ್ದರು. ನೂರಿಪ್ಪತ್ತು ವರ್ಷ ದಾಟಿದರೂ ಕೈ ತುಂಡಾದವರ ಸುದ್ದಿ ಓದುತ್ತಲೇ ಇದ್ದೇವೆ.

ಅಜ್ಜನ ಹರಿಗೋಲಿನ ಹೊರಮೈಗೆ ಡಾಂಬರು ಬಳಿದಿತ್ತು. ಒಳಗೆ ಬಿಳಿ ಬಣ್ಣದಲ್ಲಿ ‘ಚೌಡಯ್ಯ’ ಎಂದು ಬರೆಸಿದ್ದರು. 12ನೇ ಶತಮಾನದ ಅಂಬಿಗ ಶರಣನ ಹೆಸರು. ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ಜಾಕೆಟ್ಟು, ಅದರ ಕೆಳಗೆ ಒಣಗಿದ ಸೋರೆ ಬುರುಡೆ. ‘ಜಾಕೀಟ್ ಮೊಮ್ಮಗ ತಂದ ಕೊಟ್ಟಾನ್ರಿ. ಬುರಡಿ ನಮ್ಮಪ್ಪಂದು.’ ಕೃಷ್ಣೆ, ಮಲಪ್ರಭೆಯ ದಂಡೆಯ ಜನರಿಗೆ ಬುರುಡೆಯೇ ಜೀವರಕ್ಷಕ. ಅದಕ್ಕೆ ಕನ್ನಡದಲ್ಲಿ ಈಸುಗುಂಬಳ ಎಂಬ ಮುದ್ದಾದ ಹೆಸರೇ ಇದೆ. 2013ರಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಆಸ್ಪತ್ರೆ ಸೇರಲೆಂದು ಉಕ್ಕುವ ಕೃಷ್ಣೆಯನ್ನು ದಾಟಿದ್ದು ಒಣ ಬುರುಡೆಗಳನ್ನು ಕಟ್ಟಿಕೊಂಡೇ. ಬುರುಡೆಗೆ ಕೈ ಕೊಡುವ ಒಂದು ಗುಣವಿದೆ: ಪ್ರಜ್ಞೆ ತಪ್ಪಿದವನ ಮುಖವನ್ನು ಅದು ನೀರಿನಿಂದ ಮೇಲೆ ಎತ್ತಿ ಹಿಡಿಯುವುದಿಲ್ಲ. ಒಳ್ಳೆಯ ಜಾಕೆಟ್ಟಿನ ಕತ್ತುಪಟ್ಟಿ ಇರುವುದೇ ಅದಕ್ಕೆ. ಅದರ ಪಟ್ಟಿಗಳನ್ನು ಸೊಂಟಕ್ಕೆ ಬಿಗಿಯದೆ ಸುಮ್ಮನೆ ತೋಳಿಗೆ ಏರಿಸಿಕೊಂಡರೆ ನೀರಿಗೆ ಬಿದ್ದಾಗ ಜಾಕೆಟ್ಟು ಮೇಲೆ, ಮನುಷ್ಯ ಕೆಳಗೆ. ಅಲ್ಲಿಯೂ ಕಾಯುವುದು ಪಟ್ಟಿಯ ಗಂಟು.

ಅಣೆಕಟ್ಟಿನ ಕೆಳಗಿನವರಿಗೆ ಚಿಂತೆ ಇನ್ನೂ ಒಂದು ಹೆಚ್ಚು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗದ ಮನೆಗಳಿಗೇ ನುಗ್ಗಿತ್ತು. ಗೇಟು ತೆಗೆಯುವ ಡಂಗುರ ಕೇಳಿಯೂ ‘ಕಟ್ಟಿದ ಬಲೆ ಬಿಚ್ಚಿಕೊಂಡು ಬಂದೆ’ ಎಂದು ಇಳಿಯುವವರನ್ನು ತಡೆಯುವುದು ಮನೆಯವರಿಂದ ಮಾತ್ರ ಸಾಧ್ಯ. ಅವಘಡ ನಡೆದೇ ಹೋದರೆ ವಿಮೆಯಿದೆ: ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ಸತ್ತರೆ 5 ಲಕ್ಷ ರೂಪಾಯಿ, ಭಾಗಶಃ ಅಂಗವಿಕಲನಾದರೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರದವರೆಗೆ ಸಿಗುತ್ತದೆ. ಕಂತನ್ನು ಸರ್ಕಾರವೇ ಕಟ್ಟುತ್ತದೆ. ಹೆಸರು ನೋಂದಾಯಿಸಿಕೊಂಡಿರಬೇಕು. ಅಜ್ಜನಿಗೆ ವಿಮೆಯ ವಿಷಯ ಹೇಳಿದಾಗ ಮೊಮ್ಮಗನ ಹೆಸರು ಬರೆಸುವುದು ಹೇಗೆ ಎಂದು ಕೇಳಿದರು. ತಮ್ಮ ಹೆಸರು ಕೇಳಲಿಲ್ಲ.

ದೊಡವಾಡಕ್ಕೆ ಹೊಳೆಯಿಲ್ಲ, ನಮ್ಮದು ಎರಿ ನೆಲ. ಆದರೆ ಕೃಷಿಭಾಗ್ಯ ಯೋಜನೆ 2014-15ರಲ್ಲಿ ಬಂದ ಮೇಲೆ ಒಣಬೇಸಾಯದ ಸೀಮೆಯಲ್ಲೆಲ್ಲ ಹೊಂಡಗಳಾದವು. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು. ನೀರು ನಿಂತಲ್ಲಿ ಮೀನಿನ ಮರಿಯೂ ಬಂತು. ಮರಿ ಬಂದ ಮೇಲೆ ಗಾಳ ಹಿಡಿದ ಮಕ್ಕಳೂ ಬಂದರು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಳೆಯಿಲ್ಲದ ಎರಿಮಣ್ಣಿನ ಹೊಂಡವೂ ಕಡಿಮೆಯೇನಲ್ಲ, ನೆಂದ ಎರಿ ಸಾಬೂನಿನ ಹಾಗೆ ಜಾರುತ್ತದೆ. ಈಜು ಬಲ್ಲವರೂ ದಂಡೆ ಹತ್ತಲಾರದೆ ದಣಿದು ಮುಳುಗುತ್ತಾರೆ. ನಮ್ಮ ಅಣ್ಣನ ಹೊಲದಲ್ಲೂ ಅಂಥದ್ದೊಂದು ಹೊಂಡವಿದೆ.

ಊರಿಗೆ ಬಂದ ಮರುದಿನ ಹುಡುಗ ಬಿಲ್ಲಿನಿಂದ ರೀಲು ಬಿಚ್ಚಿದ, ಬಾಣದಿಂದ ದಾರ ಬಿಚ್ಚಿದ. ಬೇರೆ ಬಾಣ ತರಿಸುವವರೆಗೆ ಬಿಲ್ಲು ಗೂಟಕ್ಕೆ. ಆಮೇಲೆ ಕಣಿಕೆಯ ಸಿವುಡು ಕಟ್ಟಿ, ಹಿಂದೆ ಮಣ್ಣಿನ ಒಡ್ಡು ಇರುವ ಕಡೆ ನಿಲ್ಲಿಸಿ ಗುರಿ ಹೊಡೆಯುವುದು ಎಂದು ನಮ್ಮಿಬ್ಬರ ನಡುವೆ ಮಾತಾಯಿತು. ಸಂಜೆ ಬೈಲಹೊಂಗಲದ ಸಂತೆಯಿಂದ ಹೆಬ್ಬೆರಳ ದಪ್ಪದ ಹಗ್ಗ, ಗಾಳಿ ತುಂಬಿದ ಒಂದು ಹಳೆ ಟ್ರಾಕ್ಟರ್ ಟ್ಯೂಬು ತಂದ. ಹೊಂಡದ ನಾಲ್ಕೂ ಬದಿಯ ಗೂಟಗಳಿಗೆ ಹಗ್ಗ ಕಟ್ಟಿ ನೀರಿನ ತಳದ ತನಕ ಇಳಿಬಿಟ್ಟ. ಒಂದೊಂದು ಗೇಣಿಗೆ ಒಂದೊಂದು ಗಂಟು.

‘ಕಾಕಾ, ನೀವ ಹಿಡದ ನೋಡ್ರಿ’ ಅಂದ. ಅಣ್ಣ ನನ್ನ ಸೊಂಟಕ್ಕೆ ಇನ್ನೊಂದು ಹಗ್ಗ ಹಾಕಿ ಹಿಡಿದು ದಂಡೆಯಲ್ಲಿ ನಿಂತ. ನಾನು ಇಳಿಜಾರಿನಲ್ಲಿ ಎದೆಮಟ್ಟದ ನೀರಿನವರೆಗೆ ಹೋಗಿ, ಗಂಟು ಹಿಡಿದು ಮೇಲೆ ಬಂದೆ. ಮೂರನೆಯ ಗಂಟು ಕೈಗೆ ಸ್ವಲ್ಪ ಸಣ್ಣದೆನಿಸಿತು. ಹುಡುಗ ಅದನ್ನು ಬಿಚ್ಚಿ, ಹಲ್ಲು ಕಚ್ಚಿ ಜಗ್ಗಿ, ದಪ್ಪಗೆ ಮತ್ತೆ ಹಾಕಿದ.